ಹೊಸ ಕಾದಂಬರಿಯನ್ನು ಕೊಳ್ಳುವ ಮುನ್ನ ಪರಿಶೀಲಿಸುವ ಬಗೆ

ವೈಜ್ಞಾನಿಕ ಕಾದಂಬರಿ, ಪ್ರೇಮ ಕಾದಂಬರಿ, ಸೇನಾ ಹಿನ್ನೆಲೆಯ ರೋಚಕ ಕಾದಂಬರಿ, ಈ ಮೂರರಲ್ಲಿ ಯಾವುದನ್ನೇ ಕೈಗೆತ್ತಿಕೊಂಡರೂ ಮುಖಪುಟದಿಂದ ಅದರ ಗುಣ ತಿಳಿಯುವುದಿಲ್ಲ. ಬೆನ್ನುಡಿಯಿಂದಂತೂ ಇನ್ನೂ ತಿಳಿಯುವುದಿಲ್ಲ. ಆದರೆ ಪ್ರತಿಯೊಂದು ಪ್ರಕಾರದಲ್ಲಿಯೂ ಲೇಖಕರು ಎಷ್ಟು ಸಿದ್ಧತೆ ಮಾಡಿಕೊಂಡಿದ್ದಾರೆ ಎಂಬುದು ಬಯಲಾಗುವ ಒಂದು ಜಾಗವಿರುತ್ತದೆ. ಆ ಜಾಗ ಯಾವುದೆಂದು ಗೊತ್ತಿದ್ದರೆ ಅಂಗಡಿಯ ಕಪಾಟಿನ ಮುಂದೆ ನಿಂತೇ ಪುಸ್ತಕವನ್ನು ಬಹುಮಟ್ಟಿಗೆ ತೂಗಿ ನೋಡಬಹುದು.

ಮೊದಲು ಪ್ರಕಟಣೆಯ ವಿವರಗಳಿರುವ ಪುಟವನ್ನು ತೆರೆಯಿರಿ. ಕನ್ನಡ ಪುಸ್ತಕಗಳಲ್ಲಿ ಅಲ್ಲಿ ಪುಟಗಳ ಸಂಖ್ಯೆ, ಬೆಲೆ, ಬಳಸಿದ ಕಾಗದ, ಎಷ್ಟೋ ವೇಳೆ ಅಚ್ಚಾದ ಪ್ರತಿಗಳ ಸಂಖ್ಯೆಯೂ ಇರುತ್ತದೆ. ನೀವು ನೋಡಬೇಕಾದದ್ದು ‘ಮೊದಲ ಮುದ್ರಣ’ ಎಂಬ ಸಾಲನ್ನು. ಹಳೆಯ ಕಾದಂಬರಿ ಹೊಸ ಹೊದಿಕೆ ತೊಟ್ಟು ಹೊಸ ಪುಸ್ತಕಗಳ ಸಾಲಿನಲ್ಲಿ ಕುಳಿತಿರುವುದು ಅಪರೂಪವೇನಲ್ಲ. ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆಯಾದ ಐಎಸ್‌ಬಿಎನ್ ಹತ್ತೇ ಅಂಕಿಗಳದ್ದಾಗಿದ್ದರೆ ಆ ಪ್ರತಿ ಬಹುತೇಕ 2007ಕ್ಕಿಂತ ಹಿಂದಿನದು, ಏಕೆಂದರೆ ಆ ವರ್ಷದ ಜನವರಿಯಿಂದ 13 ಅಂಕಿಗಳ ಪದ್ಧತಿ ಜಾರಿಗೆ ಬಂದಿತು. ಮುನ್ನುಡಿಯನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳಿ. ಅದನ್ನು ಬರೆದುಕೊಟ್ಟ ಹಿರಿಯರು ಕಥೆಯ ಮುಖ್ಯ ತಿರುವನ್ನು ಎರಡನೆಯ ಪುಟದಲ್ಲಿಯೇ ಹೇಳಿ ಮುಗಿಸಿರುವ ಸಂಭವ ಹೆಚ್ಚು.

ವೈಜ್ಞಾನಿಕ ಕಾದಂಬರಿಯಲ್ಲಿ ದೂರ ಮತ್ತು ಕಾಲದ ಲೆಕ್ಕವನ್ನು ಹುಡುಕಿ. ಭೂಮಿಗೂ ಮಂಗಳಕ್ಕೂ ನಡುವಿನ ಅಂತರ ಸುಮಾರು 5.5 ಕೋಟಿ ಕಿಲೋಮೀಟರಿನಿಂದ 40 ಕೋಟಿ ಕಿಲೋಮೀಟರಿನವರೆಗೆ ಬದಲಾಗುತ್ತಿರುವುದರಿಂದ, ಬೆಳಕಿನ ವೇಗದಲ್ಲಿ ಸಾಗುವ ರೇಡಿಯೊ ಸಂಕೇತಕ್ಕೆ ಒಂದು ಕಡೆಯ ಪ್ರಯಾಣಕ್ಕೇ 3ರಿಂದ 22 ನಿಮಿಷ ಬೇಕಾಗುತ್ತದೆ. 2014ರ ಸೆಪ್ಟೆಂಬರ್ 24ರಂದು ಇಸ್ರೋದ ಮಂಗಳಯಾನ ನೌಕೆ ಕಕ್ಷೆ ಸೇರುವಾಗ ಈ ವಿಳಂಬ ಸುಮಾರು 12 ನಿಮಿಷವಿತ್ತು. ಎಂಜಿನ್ ಉರಿಸುವ ಆದೇಶಗಳನ್ನು ನೌಕೆಗೆ ಮುಂಚಿತವಾಗಿಯೇ ತುಂಬಿಡಲಾಗಿತ್ತು, ಬೆಂಗಳೂರಿನಲ್ಲಿದ್ದ ವಿಜ್ಞಾನಿಗಳಿಗೆ ಆ ಹೊತ್ತಿನಲ್ಲಿ ಉಳಿದಿದ್ದುದು ಕಾಯುವ ಕೆಲಸವೊಂದೇ. ಹೀಗಿರುವಾಗ ಮಂಗಳದಲ್ಲಿರುವ ನಾಯಕಿ ಭೂಮಿಯಲ್ಲಿರುವ ಅಧಿಕಾರಿಯೊಡನೆ ಮಾತಿಗೆ ಮಾತು ಬೆಳೆಸುತ್ತಿದ್ದರೆ, ಬೆಳಕಿಗಿಂತ ವೇಗದ ಸಂಪರ್ಕವೊಂದನ್ನು ಕಥೆ ಮೊದಲೇ ಕಲ್ಪಿಸಿಕೊಟ್ಟಿದೆಯೇ ಎಂದು ಹಿಂದಿನ ಪುಟಗಳಲ್ಲಿ ನೋಡಿ. ಕಲ್ಪಿಸಿದ್ದರೆ ತಪ್ಪಿಲ್ಲ; ಅಸಾಧ್ಯವಾದುದನ್ನು ಕಲ್ಪಿಸುವುದು ಈ ಪ್ರಕಾರದ ಹಕ್ಕು. ಆದರೆ ಕಲ್ಪಿಸಿದ್ದರ ಪರಿಣಾಮವನ್ನು ಕಥೆ ಹೊರಲೇಬೇಕು. ಮುಪ್ಪನ್ನು ತಡೆಯುವ ಮಾತ್ರೆ ದೊರೆಯುವ ಊರಿನಲ್ಲಿ ಪಿಂಚಣಿ, ಆಸ್ತಿಯ ಪಾಲು, ಮದುವೆಯ ಮಾತುಕತೆ ಎಲ್ಲವೂ ಇಂದಿನಂತೆಯೇ ನಡೆಯುತ್ತಿದ್ದರೆ ಲೇಖಕರು ಮಾತ್ರೆಯ ಆಚೆಗೆ ಯೋಚಿಸಿಲ್ಲವೆಂದೇ ಅರ್ಥ.

ಪ್ರೇಮ ಕಾದಂಬರಿಯ ಕೊನೆಯ ಪುಟವನ್ನು ಇಣುಕಿ ಪ್ರಯೋಜನವಿಲ್ಲ, ಅವರಿಬ್ಬರೂ ಒಂದಾಗುತ್ತಾರೆಂಬುದು ಹೆಚ್ಚಿನ ಪುಸ್ತಕಗಳಲ್ಲಿ ಮೊದಲೇ ಗೊತ್ತು. ನೋಡಬೇಕಾದದ್ದು ಅವರ ನಡುವಿನ ಅಡ್ಡಿಯನ್ನು. ಒಂದು ಫೋನ್ ಕರೆಯಿಂದ ಬಗೆಹರಿಯುವ ತಪ್ಪು ತಿಳಿವಳಿಕೆಯನ್ನೇ ಇಡೀ ಪುಸ್ತಕಕ್ಕೆ ಎಳೆದಿದ್ದರೆ ಅದನ್ನು ಸ್ವಸ್ಥಾನಕ್ಕೆ ಸೇರಿಸಿ. ಆಮೇಲೆ ನಡುವಿನ ಒಂದು ಪುಟವನ್ನು ತೆರೆದು, ‘ಎಂದಳು’, ‘ಎಂದನು’ ಎಂಬಲ್ಲಿ ಬೆರಳಿಟ್ಟು ಮುಚ್ಚಿಕೊಂಡು ಸಂಭಾಷಣೆಯನ್ನಷ್ಟೇ ಓದಿ. ಯಾವ ಮಾತು ಯಾರದೆಂದು ತಿಳಿಯದಿದ್ದರೆ ಇಬ್ಬರು ವ್ಯಕ್ತಿಗಳು ಅಲ್ಲಿ ಇನ್ನೂ ಹುಟ್ಟಿಯೇ ಇಲ್ಲ. ಬೇರೆ ಬೇರೆ ಧರ್ಮದ ಜೋಡಿ ಸಂಜೆ ಮನೆ ಬಿಟ್ಟು ಮರುದಿನ ಬೆಳಿಗ್ಗೆ ಮತಾಂತರವಿಲ್ಲದೆಯೇ ಕಾನೂನುಬದ್ಧವಾಗಿ ಮದುವೆಯಾಗಿ ಬರುವ ದೃಶ್ಯವಿದ್ದರೆ ಅದೂ ಒಂದು ಸೂಚನೆ: 1954ರ ವಿಶೇಷ ವಿವಾಹ ಕಾಯ್ದೆಯ ಪ್ರಕಾರ ನೋಟಿಸು ಕೊಟ್ಟು, ಅದು ಕಚೇರಿಯಲ್ಲಿ ಎಲ್ಲರ ಕಣ್ಣಿಗೂ ಬೀಳುವಂತೆ ಪ್ರಕಟವಾಗಿ, 30 ದಿನ ಕಳೆಯಬೇಕು. ಪ್ರತಿದಿನವೂ ಯಾರಾದರೂ ಬಂದು ಅದನ್ನು ಓದಬಹುದೆಂಬ ಆ ತಿಂಗಳ ಆತಂಕವನ್ನು ಬಿಟ್ಟುಕೊಟ್ಟ ಲೇಖಕರು ಕೈಗೆ ಬಂದ ತುತ್ತನ್ನು ತಾವೇ ಚೆಲ್ಲಿದ್ದಾರೆ.

ಸೇನಾ ಕಾದಂಬರಿಯನ್ನು ಪರೀಕ್ಷಿಸುವುದು ಇವೆಲ್ಲಕ್ಕಿಂತ ಸುಲಭ, ಏಕೆಂದರೆ ಅಲ್ಲಿ ಯಾರು ಯಾರಿಗೆ ಆದೇಶ ಕೊಡಬೇಕೆಂಬುದು ನಿಗದಿಯಾಗಿರುತ್ತದೆ. ಭಾರತೀಯ ಸೇನೆಯ ಪದಾತಿ ಪಡೆಯಲ್ಲಿ ಹಲವು ಕಂಪನಿಗಳು ಸೇರಿದ ಬೆಟಾಲಿಯನ್ನಿಗೆ ಕರ್ನಲ್, ಹಲವು ಪ್ಲಟೂನುಗಳು ಸೇರಿದ ಕಂಪನಿಗೆ ಸಾಮಾನ್ಯವಾಗಿ ಮೇಜರ್, ಪ್ಲಟೂನ್ ಎಂಬ ಚಿಕ್ಕ ತುಕಡಿಗೆ ಬಹುತೇಕ ಸುಬೇದಾರ್ ಅಥವಾ ನಾಯಬ್ ಸುಬೇದಾರ್ ಮುಖ್ಯಸ್ಥರಾಗಿರುತ್ತಾರೆ. ಅಮೆರಿಕದ ಸೇನೆಯ ಕಥೆಯಾದರೆ ಬೆಟಾಲಿಯನ್ನಿಗೆ ಲೆಫ್ಟಿನೆಂಟ್ ಕರ್ನಲ್, ಕಂಪನಿಗೆ ಕ್ಯಾಪ್ಟನ್ ಇರುತ್ತಾರೆ, ಸುಬೇದಾರರ ದರ್ಜೆ ಅಲ್ಲಿ ಇಲ್ಲವೇ ಇಲ್ಲ. ನಿನ್ನೆ ಮೊನ್ನೆ ಸೇರಿದ ಲೆಫ್ಟಿನೆಂಟ್ ಒಬ್ಬ ತನ್ನ ತಂದೆಯ ವಯಸ್ಸಿನ ಸುಬೇದಾರರನ್ನು ‘ಸಾಬ್’ ಎನ್ನದೆ ಏಕವಚನದಲ್ಲಿ ಗದರಿಸುವ ಪುಟವನ್ನು ಕೊಡಗಿನ ಅಥವಾ ಬೆಳಗಾವಿಯ ನಿವೃತ್ತ ಸೈನಿಕರ ಕೈಗೆ ಕೊಟ್ಟರೆ ಅವರು ಮುಂದೆ ಓದಲಾರರು.

ಎತ್ತರದ ಯುದ್ಧಭೂಮಿಯ ಕಥೆಗಳಲ್ಲಿ ದಿನಗಳನ್ನು ಎಣಿಸಿ. ಬಯಲುಸೀಮೆಯಿಂದ ಬಂದ ಸೈನಿಕರನ್ನು ಸೇನೆ ಹಂತಹಂತವಾಗಿ ಹವೆಗೆ ಒಗ್ಗಿಸುತ್ತದೆ: 9,000 ಅಡಿಯಿಂದ 12,000 ಅಡಿಯವರೆಗೆ ಆರು ದಿನ, 15,000 ಅಡಿಯವರೆಗೆ ಇನ್ನೂ ನಾಲ್ಕು ದಿನ, ಅದರಿಂದಾಚೆಗೆ ಮತ್ತೆ ನಾಲ್ಕು ದಿನ. ಬೆಂಗಳೂರಿನಿಂದ ಹೊರಟ ನಾಯಕ ಅದೇ ರಾತ್ರಿ ಸಿಯಾಚಿನ್‌ನಲ್ಲಿ ಓಡುತ್ತಾ ಕಾದಾಡಿದರೆ, ಶತ್ರುವಿಗಿಂತ ಮೊದಲು ಅವನ ಶ್ವಾಸಕೋಶವೇ ಅವನನ್ನು ಕೆಡವಬೇಕಾಗಿತ್ತು. ಗುಂಡುಗಳನ್ನೂ ಎಣಿಸಬಹುದು: ನಿಮಿಷಕ್ಕೆ ಸುಮಾರು 600 ಗುಂಡು ಹಾರಿಸುವ ಎಕೆ-47 ರೈಫಲ್ಲಿನ 30 ಗುಂಡುಗಳ ಮ್ಯಾಗಜೀನು, ಟ್ರಿಗರನ್ನು ಒತ್ತಿಯೇ ಹಿಡಿದರೆ ಮೂರು ಸೆಕೆಂಡುಗಳಲ್ಲಿ ಬರಿದಾಗುತ್ತದೆ. ಆದರೂ ಎಲ್ಲ ತಪ್ಪುಗಳೂ ಸಮವಲ್ಲ. ಬಂದೂಕಿನ ಅಳತೆಯಲ್ಲಿ ಒಂದು ತಪ್ಪಾದರೆ ಕ್ಷಮಿಸಬಹುದು, ಕಥೆಯೇ ಯಾವುದರ ಮೇಲೆ ನಿಂತಿದೆಯೋ ಅದರಲ್ಲಿ ತಪ್ಪಾದರೆ ಕ್ಷಮಿಸಲಾಗದು. ಲೆಕ್ಕವೆಲ್ಲ ಸರಿಯಿದ್ದೂ ಪುಟದ ಮೇಲೆ ಯಾರಿಗೂ ಭಯವೇ ಆಗದ ಕಾದಂಬರಿಗಿಂತ, ನನ್ನ ಮಟ್ಟಿಗೆ, ಶಸ್ತ್ರಾಸ್ತ್ರಗಳ ಪಟ್ಟಿಯನ್ನು ಓದುವುದೇ ವಾಸಿ.

ಸರಣಿಯ ಪುಸ್ತಕವಾದರೆ ಕೈಯಲ್ಲಿರುವುದು ಮೊದಲ ಭಾಗವೇ ಎಂದು ನೋಡಿಕೊಳ್ಳಿ. ಪುಸ್ತಕದಂಗಡಿ ಹತ್ತಿರವಿಲ್ಲದವರೂ ಹೊರದೇಶದಲ್ಲಿರುವವರೂ ಇ-ಪುಸ್ತಕದ ಉಚಿತ ಮಾದರಿಯಲ್ಲಿ ಇದೇ ಪರೀಕ್ಷೆಯನ್ನು ಮಾಡಬಹುದು. ಆದರೆ ಸಾಮಾನ್ಯವಾಗಿ ಅದರಲ್ಲಿ ಆರಂಭದ ಪುಟಗಳಷ್ಟೇ ಇರುವುದರಿಂದ, ಅರ್ಪಣೆ, ಮುನ್ನುಡಿ, ಲೇಖಕರ ಮಾತುಗಳೇ ಅದನ್ನೆಲ್ಲ ನುಂಗಿಹಾಕಿದ್ದರೆ ಗ್ರಂಥಾಲಯಕ್ಕೆ ಪ್ರತಿ ಬರುವವರೆಗೆ ಕಾಯುವುದು ಮೇಲು.