ಹೊಸ ರೈಲು ಕೇಳಲಿಲ್ಲ, ನಿಂತಿದ್ದ ರೇಕನ್ನೇ ಓಡಿಸಿದೆವು: ನನ್ನ ಅನುಭವ

ಹೊಸೂರು ಮಾರ್ಗದ ನಮ್ಮ ಸಣ್ಣ ನಿಲ್ದಾಣದಿಂದ ಕಚೇರಿ ವೇಳೆಗೆ ಬೆಂಗಳೂರು ಮುಟ್ಟಿಸುವ ಎರಡನೆಯ ಗಾಡಿ ಓಡಲು ಶುರುವಾಗಿ ವರ್ಷದ ಮೇಲಾಯಿತು. ಇದು ಆಗುವ ಕೆಲಸವಲ್ಲ ಎಂದವರಲ್ಲಿ ನಮ್ಮ ಪ್ರಯಾಣಿಕರ ಸಂಘದ ಹಿರಿಯರೂ ಇದ್ದರು, ರೈಲ್ವೆಯಲ್ಲೇ ಆಯುಷ್ಯ ಕಳೆದು ನಿವೃತ್ತರಾದವರೂ ಇದ್ದರು. ಬೇರೆ ಮಾರ್ಗಗಳ ಸಂಘದವರು ಹೇಗೆ ಮಾಡಿದಿರೆಂದು ಕೇಳುತ್ತಲೇ ಇರುವುದರಿಂದ ಬರೆಯುತ್ತಿದ್ದೇನೆ. ಮೂರು ಮಾತನ್ನು ಮೊದಲೇ ಬಿಡಿಸಿ ಹೇಳಿಬಿಡುತ್ತೇನೆ: ರೇಕ್ ಎಂದರೆ ಒಟ್ಟಿಗೆ ಜೋಡಿಸಿದ ಬೋಗಿಗಳ ಇಡೀ ಸಾಲು, ಮೆಮು ಎಂದರೆ ಬೇರೆ ಎಂಜಿನ್ ಇಲ್ಲದೆ ವಿದ್ಯುತ್ತಿನಿಂದ ಓಡುವ ಲೋಕಲ್ ಗಾಡಿ, ಕ್ರಾಸಿಂಗ್ ಎಂದರೆ ಒಂಟಿ ಹಳಿಯಲ್ಲಿ ಎದುರುಬದುರು ಬರುವ ಗಾಡಿಗಳಲ್ಲಿ ಒಂದು ನಿಲ್ದಾಣದಲ್ಲಿ ನಿಂತು ಇನ್ನೊಂದಕ್ಕೆ ದಾರಿ ಬಿಡುವುದು. ಅಂಕಿಗಳನ್ನು ನೆನಪಿನಿಂದ ಕೊಡುತ್ತಿರುವುದರಿಂದ ಅಲ್ಪಸ್ವಲ್ಪ ಹೆಚ್ಚುಕಡಿಮೆ ಇರಬಹುದು.

ಮೊದಲ ಎರಡು ವರ್ಷ ಎಲ್ಲರಂತೆ ಮನವಿಪತ್ರದ ದಾರಿಯಲ್ಲೇ ನಡೆದೆವು. ಮೂರು ಸಾವಿರದಷ್ಟು ಸಹಿ ಸಂಗ್ರಹಿಸಿ ‘ನಮಗೊಂದು ಹೊಸ ರೈಲು ಕೊಡಿ’ ಎಂದು ಕೇಳಿದ್ದಕ್ಕೆ, ರೇಕ್ ಲಭ್ಯವಿಲ್ಲ, ಮಾರ್ಗದ ಸಾಮರ್ಥ್ಯ ತುಂಬಿದೆ ಎಂಬ ಎರಡು ಸಾಲಿನ ಉತ್ತರ ಬಂತು. ಮತ್ತೆ ಬರೆದರೂ ಅದೇ ಎರಡು ಸಾಲು. ಅಷ್ಟರಲ್ಲಿ 2020ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟವು 148 ಕಿಲೋಮೀಟರ್ ಉದ್ದದ, 15,767 ಕೋಟಿ ರೂಪಾಯಿ ವೆಚ್ಚದ ಬೆಂಗಳೂರು ಉಪನಗರ ರೈಲು ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದರ ನಾಲ್ಕು ಕಾರಿಡಾರ್‌ಗಳಲ್ಲಿ ಹೀಲಲಿಗೆಯಿಂದ ರಾಜಾನುಕುಂಟೆಗೆ ಹೋಗುವ ‘ಕನಕ’ ನಮ್ಮ ಕಡೆಯದೇ ಆದ್ದರಿಂದ, ಇನ್ನು ಈ ಹಳೆಯ ಗಾಡಿಗಳ ಹಿಂದೆ ಯಾಕೆ ಅಲೆಯಬೇಕೆಂದು ಸಂಘದ ಅರ್ಧಕ್ಕರ್ಧ ಜನ ಸಭೆಗೆ ಬರುವುದನ್ನೇ ಬಿಟ್ಟರು. ಆ ಯೋಜನೆ ಬರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾಳೆ ಬೆಳಿಗ್ಗೆ ಎಂಟೂವರೆಗೆ ಕೆಲಸಕ್ಕೆ ಹಾಜರಾಗಬೇಕಾದವರಿಗೆ ಇವತ್ತಿನ ಹಳಿಯ ಮೇಲೆ ಓಡುವ ಗಾಡಿ ಬೇಕಿತ್ತು.

ದಾರಿ ತೆರೆದದ್ದು ಚಾರ್ಟಿನಿಂದ. ಮಾರ್ಗದ ಗಾಡಿಗಳ ಓಟವನ್ನು ನಿಯಂತ್ರಿಸುತ್ತಿದ್ದ ನಿವೃತ್ತ ಸೆಕ್ಷನ್ ಕಂಟ್ರೋಲರ್ ಒಬ್ಬರನ್ನು ಕಾಡಿ ಬೇಡಿ, ಗ್ರಾಫ್ ಹಾಳೆಯ ಮೇಲೆ ಅಡ್ಡಕ್ಕೆ ವೇಳೆಯನ್ನೂ ಉದ್ದಕ್ಕೆ ನಿಲ್ದಾಣಗಳನ್ನೂ ಇಟ್ಟು ಬೈಯಪ್ಪನಹಳ್ಳಿಯಿಂದ ಹೊಸೂರಿನವರೆಗಿನ 48 ಕಿಲೋಮೀಟರಿನ ಎಲ್ಲ ಗಾಡಿಗಳ ಗೆರೆ ಎಳೆಯುವುದನ್ನು ಕಲಿತೆ. ಮುದ್ರಿತ ವೇಳಾಪಟ್ಟಿಯನ್ನು ನಂಬದೆ, ಗಾಡಿಗಳು ನಿಜಕ್ಕೂ ಹಾದುಹೋಗುವ ವೇಳೆಯನ್ನು ಕೆಲವು ವಾರ ಬರೆದಿಟ್ಟುಕೊಂಡು ಅದನ್ನೇ ಹಾಳೆಗೆ ಇಳಿಸಿದೆವು. ಗೆರೆಗಳನ್ನು ಎಳೆದು ಮುಗಿಸಿದಾಗ ಒಂದು ಮೆಮು ರೇಕ್ ಬೆಳಗಿನ ಆರರಿಂದ ಹತ್ತೂವರೆಯವರೆಗೆ ಹೊಸೂರಿನ ತುದಿಯಲ್ಲಿ ಸುಮ್ಮನೆ ನಿಂತಿರುವುದು ಕಣ್ಣಿಗೆ ಬಿತ್ತು. ಮೆಮುವಿಗೆ ಎರಡೂ ತುದಿಯಲ್ಲಿ ಚಾಲಕನ ಕ್ಯಾಬ್ ಇರುವುದರಿಂದ ಎಂಜಿನ್ ಸುತ್ತಿಸಿ ತರುವ ಅರ್ಧ ಗಂಟೆಯ ಗೋಳಿಲ್ಲ. ಬೈಯಪ್ಪನಹಳ್ಳಿಗೆ ಬಂದು, ಹದಿನೈದು ನಿಮಿಷದಲ್ಲಿ ಹಿಂತಿರುಗಿ, ತನ್ನ ಹಳೆಯ ಓಟಕ್ಕೆ ವೇಳೆಗೆ ಸರಿಯಾಗಿ ಸಿದ್ಧವಾಗಿ ನಿಲ್ಲಲು ಮೂರು ಗಂಟೆ ಸಾಕಾಗುತ್ತದೆ. ಬೈಯಪ್ಪನಹಳ್ಳಿಯಲ್ಲಿ ಇಳಿದವರಿಗೆ ನೇರಳೆ ಮಾರ್ಗದ ಮೆಟ್ರೊ ಪಕ್ಕದಲ್ಲೇ ಸಿಗುತ್ತದೆ. ಆದ್ದರಿಂದ ರೇಕನ್ನು ಮೆಜೆಸ್ಟಿಕ್‌ವರೆಗೆ ಒಯ್ಯಿರೆಂದು ನಾವು ಹಟ ಹಿಡಿಯಲಿಲ್ಲ. ಹಿಡಿದಿದ್ದರೆ ಪ್ಲಾಟ್‌ಫಾರ್ಮ್ ಖಾಲಿಯಿಲ್ಲವೆಂಬ ಮಾತಿನಲ್ಲಿ ಇನ್ನೆರಡು ವರ್ಷ ಕಳೆಯುತ್ತಿತ್ತು.

ಉಳಿದದ್ದು ಕ್ರಾಸಿಂಗ್. ಜೋಡಿ ಹಳಿಯ ಕೆಲಸ ಪೂರ್ಣವಾಗದ ಭಾಗದಲ್ಲಿ ಒಂದು ಕ್ರಾಸಿಂಗಿಗೆ ಹತ್ತು ಹದಿನೈದು ನಿಮಿಷ ಹೋಗುತ್ತದೆ. ಎದುರಿನಿಂದ ಬರುವ ಎಕ್ಸ್‌ಪ್ರೆಸ್‌ಗೆ ಎಲ್ಲಿ ದಾರಿ ಬಿಡಬೇಕು, ಬಿಟ್ಟರೂ ಚಾಲಕರ ಕರ್ತವ್ಯದ ವೇಳೆ ಮೀರದಂತೆ ಹೇಗೆ ನೋಡಿಕೊಳ್ಳಬೇಕು ಎಂಬುದಕ್ಕೆ ಮೂರು ಬಗೆಯ ಚಾರ್ಟ್ ಬರೆದುಕೊಂಡು ರೈಲ್ವೆಯವರ ಬಳಿ ಹೋಗಿದ್ದೆ. ನಮ್ಮ ಮೂರನೆಯ ಚಾರ್ಟ್ ಕೆಲವೇ ನಿಮಿಷಗಳ ತಿದ್ದುಪಡಿಯೊಂದಿಗೆ ಒಪ್ಪಿಗೆಯಾಯಿತು ಎಂಬುದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ರೇಕ್ ಲಿಂಕ್‌ನ, ಅಂದರೆ ಯಾವ ರೇಕ್ ಯಾವ ಯಾವ ಓಟಕ್ಕೆ ಹೋಗುತ್ತದೆಂಬ ಪಟ್ಟಿಯ, ವಿವರವನ್ನು ಹೊಂದಿಸಿಕೊಂಡ ಬಗೆಯನ್ನು ಮಾತ್ರ ಇಲ್ಲಿ ಬರೆಯಲಾರೆ. ಅಡ್ಡದಾರಿಯೇನೂ ಅಲ್ಲ, ಆದರೆ ಎಲ್ಲರೂ ಅದೇ ಬಾಗಿಲು ತಟ್ಟಿದರೆ ಆ ಬಾಗಿಲು ಮುಚ್ಚಿಹೋಗುತ್ತದೆ.

ಚಾರ್ಟ್ ಇದ್ದರೂ ಆದಾಯದ ಪ್ರಶ್ನೆ ಬಿಡಲಿಲ್ಲ. ನಮ್ಮ ನಿಲ್ದಾಣದ ಮಾರಾಟದ ಲೆಕ್ಕ ನೋಡಿದವರು ಇಲ್ಲಿ ಜನವೇ ಇಲ್ಲವೆಂದರು. ಜನ ಇದ್ದರು, ಆದರೆ ಅವರಲ್ಲಿ ಹೆಚ್ಚಿನವರು ಮಾಸಿಕ ಪಾಸನ್ನು ನಗರದ ದೊಡ್ಡ ನಿಲ್ದಾಣಗಳಲ್ಲಿ ತೆಗೆಯುತ್ತಿದ್ದರಿಂದ ಆ ಹಣ ಪಾಸ್ ಕೊಟ್ಟ ನಿಲ್ದಾಣದ ಖಾತೆಗೆ ಸೇರುತ್ತಿತ್ತು. ಕೋವಿಡ್ ನಂತರ ಪ್ಯಾಸೆಂಜರ್ ಗಾಡಿಗಳನ್ನೆಲ್ಲ ವಿಶೇಷ ಗಾಡಿಗಳೆಂದು ಓಡಿಸಿ ಕನಿಷ್ಠ ದರವನ್ನು 10 ರೂಪಾಯಿಯಿಂದ 30ಕ್ಕೆ ಏರಿಸಿದ್ದ ಕಾಲದಲ್ಲಿ ಬಿಡಿ ಟಿಕೆಟ್ ಕೊಳ್ಳುವವರು ಬಸ್ಸಿಗೆ ಹೋಗಿಬಿಟ್ಟಿದ್ದರು. 2024ರಲ್ಲಿ ದರ ಮತ್ತೆ 10ಕ್ಕೆ ಇಳಿದ ಮೇಲೆ ಅವರು ಒಬ್ಬೊಬ್ಬರಾಗಿ ಮರಳಿದರು. ನಾವು ಮನೆಮನೆಗೆ ಹೋಗಿ, ಪಾಸನ್ನು ನಮ್ಮ ನಿಲ್ದಾಣದಲ್ಲೇ ತೆಗೆಯಿರೆಂದು ಕೇಳಿಕೊಂಡೆವು. ನಾಲ್ಕೈದು ತಿಂಗಳಲ್ಲಿ ನಮ್ಮ ಕೌಂಟರಿನ ಪಾಸುಗಳು ನಲವತ್ತರ ಆಸುಪಾಸಿನಿಂದ ಇನ್ನೂರೈವತ್ತರ ಹತ್ತಿರ ಬಂದವು. ಮೂರು ಸಾವಿರ ಸಹಿ ಮಾಡದ ಕೆಲಸವನ್ನು ಆ ಇನ್ನೂರೈವತ್ತು ಪಾಸು ಮಾಡಿತು.

ದುಡ್ಡು ಹೋದದ್ದು ಮಿನಿಬಸ್ಸಿಗೆ. ನಿಲ್ದಾಣದಿಂದ ಬಡಾವಣೆಗಳಿಗೆ ಎರಡು ಮೂರು ಕಿಲೋಮೀಟರ್ ದೂರವಿದ್ದು, ನಡುವೆ ದೀಪವಿಲ್ಲದ ರಸ್ತೆ. ಮೊದಲು ಶೇರ್ ಆಟೊದವರೊಂದಿಗೆ ಮಾತಾಡಿದ್ದೆವು, ಆದರೆ ಗಾಡಿ ಹತ್ತು ನಿಮಿಷ ತಡವಾದರೆ ಅವರು ಬೇರೆ ಬಾಡಿಗೆ ಹಿಡಿದು ಹೋಗುತ್ತಿದ್ದರು. ಅವರ ಹೊಟ್ಟೆಪಾಡು ಅದು, ದೂರುವಂತಿಲ್ಲ. ಸೈಕಲ್ ನಿಲ್ದಾಣವನ್ನೂ ಮಾಡಿ ನೋಡಿದೆವು. ಮಳೆಗಾಲ ಬಂದಾಗ ಅಲ್ಲಿ ಏಳೆಂಟು ಸೈಕಲ್ ಉಳಿದವು. ಕೊನೆಗೆ ಇಪ್ಪತ್ತೊಂದು ಸೀಟಿನ ಬಸ್ಸನ್ನು ಚಾಲಕ, ಡೀಸೆಲ್ ಸೇರಿ ತಿಂಗಳಿಗೆ ಸುಮಾರು 55,000 ರೂಪಾಯಿಗೆ ಗೊತ್ತುಮಾಡಿ, ತಲಾ ಒಂದು ಸಾವಿರ ನಿಗದಿ ಮಾಡಿದೆವು. ಮೊದಲ ತಿಂಗಳು ಸೇರಿದವರು ಹದಿನೈದು ಜನ. ಒಪ್ಪಂದದ ವಾಹನದಲ್ಲಿ ಒಬ್ಬೊಬ್ಬರಿಂದ ಟಿಕೆಟ್ ಹಣ ಪಡೆಯುವಂತಿಲ್ಲವಾದ್ದರಿಂದ ಸಂಘದ ಹೆಸರಿನಲ್ಲೇ ಒಂದೇ ಬಾಡಿಗೆ ಕರಾರು ಮಾಡಿಕೊಂಡೆವು. ಈ ಕೆಲಸಕ್ಕೆ ಇಳಿಯುವವರು ಇದನ್ನು ಮೊದಲೇ ಸರಿಮಾಡಿಕೊಳ್ಳಬೇಕು. ಆರೇಳು ತಿಂಗಳಲ್ಲಿ ನಮ್ಮ ಐದಾರು ಜನರ ಜೇಬಿನಿಂದ ಹೆಚ್ಚುಕಡಿಮೆ ಎರಡು ಲಕ್ಷ ಹೋಯಿತು, ಮನೆಯಲ್ಲಿ ಮಾತು ಕೇಳುವುದೂ ಆಯಿತು. ಚಾಲಕರಿಗೆ ನಾವು ಕೊಟ್ಟಿದ್ದ ಸೂಚನೆ ಒಂದೇ: ಗಡಿಯಾರ ನೋಡಬೇಡಿ, ಗಾಡಿ ಬರುವವರೆಗೆ ಕದಲಬೇಡಿ. ಬಸ್ಸು ಕಾದೇ ಕಾಯುತ್ತದೆಂಬ ನಂಬಿಕೆ ಹುಟ್ಟಿದ ಮೇಲೆ ಸೇರಿದವರು ಅರುವತ್ತು ದಾಟಿದರು. ಈಗ ತಿಂಗಳಿಗೆ ಮೂರು ನಾಲ್ಕು ಸಾವಿರ ಉಳಿಯುತ್ತದೆ.

ಗಾಡಿ ಓಡಲು ಶುರುವಾದ ಮೇಲೆ ನಾವು ಮಾಡಿಸಿದ ಇನ್ನೊಂದು ಸಣ್ಣ ಸುಧಾರಣೆ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ನಮ್ಮಲ್ಲಿ ನಿಲುಗಡೆ ಒಂದು ನಿಮಿಷ, ಆದರೆ ಗಾಡಿ ಮೂರು ನಿಮಿಷದ ಹತ್ತಿರ ನಿಲ್ಲುತ್ತಿತ್ತು. ನಿಂತು ನೋಡಿದರೆ ಹಿಂದಿನ ಎರಡು ಬೋಗಿ ಪ್ಲಾಟ್‌ಫಾರ್ಮ್ ಬಿಟ್ಟು ಹೊರಗೆ ಉಳಿಯುತ್ತಿದ್ದವು. ಹೊಸೂರಿನ ಕಡೆಯಿಂದ ಹೂವು ತರುವ ಹೆಂಗಸರು ಅಲ್ಲಿ ಬುಟ್ಟಿಯನ್ನು ಮೊದಲು ಕೆಳಗಿನವರ ಕೈಗೆ ಇಳಿಸಿ, ಬಾಗಿಲ ಸರಳು ಹಿಡಿದು, ಜಲ್ಲಿಕಲ್ಲಿನ ಮೇಲೆ ಕಾಲು ಊರಿ ಇಳಿಯುವಷ್ಟರಲ್ಲಿ ಹತ್ತುವವರೆಲ್ಲ ಆ ಬಾಗಿಲಿನ ಮುಂದೆ ಕಟ್ಟಿಕೊಂಡಿರುತ್ತಿದ್ದರು. ಮುಂದಿನ ಬೋಗಿಗಳ ಎದುರು ಪ್ಲಾಟ್‌ಫಾರ್ಮ್ ಖಾಲಿ ಬಿದ್ದಿತ್ತು. ಚಾಲಕ ಎಲ್ಲಿ ನಿಲ್ಲಿಸಬೇಕೆಂದು ತೋರಿಸುವ ಫಲಕವನ್ನು ಎರಡು ಬೋಗಿಯಷ್ಟು ಮುಂದಕ್ಕೆ ಸರಿಸಿರೆಂದು ಅಳತೆ ಸಮೇತ ಬರೆದುಕೊಟ್ಟೆವು. ಫಲಕ ಸರಿಯಿತು, ನಿಲುಗಡೆ ಒಂದೂವರೆ ನಿಮಿಷಕ್ಕೆ ಬಂತು, ಆ ಉಳಿತಾಯದಿಂದ ಮುಂದಿನ ಕ್ರಾಸಿಂಗ್ ತಪ್ಪದೆ ಕೂಡಿಬರತೊಡಗಿತು. ಖರ್ಚು ಒಂದು ಫಲಕ ಕಿತ್ತು ನೆಟ್ಟಷ್ಟು. ಪ್ಲಾಟ್‌ಫಾರ್ಮ್ ಎತ್ತರಿಸಿದರೆ ಇನ್ನೂ ಅರ್ಧ ನಿಮಿಷ ಉಳಿದೀತು, ಅದರ ಅಂದಾಜುಪಟ್ಟಿ ಬೇರೆಯೇ ಕಥೆ.

ಸಂಜೆಯ ಗಾಡಿ ಮಾತ್ರ ಇನ್ನೂ ಕೈಗೆ ಹತ್ತಿಲ್ಲ. ಆರೂವರೆಯ ನಂತರ ಮಾರ್ಗದಲ್ಲಿ ದೂರದ ಗಾಡಿಗಳು ಒಂದರ ಹಿಂದೊಂದು ಬರುವುದರಿಂದ ನನ್ನ ಚಾರ್ಟಿನಲ್ಲಿ ಎರಡು ಕ್ರಾಸಿಂಗ್ ಈಗಲೂ ಕೂಡುತ್ತಿಲ್ಲ. ಕಾರ್ಮೆಲರಾಂ ಕಡೆಯ ಗೆಳೆಯರೊಂದಿಗೆ ಸೇರಿ ಮುಂದಿನ ವೇಳಾಪಟ್ಟಿಯ ಪ್ರಸ್ತಾವಕ್ಕೆ ಹತ್ತುವ ಇಳಿಯುವವರ ಎಣಿಕೆ ಶುರುಮಾಡಿದ್ದೇವೆ. ಅದೇ ಮಾರ್ಗದ ಬೇರೆ ನಿಲ್ದಾಣದವರು ಸಂಜೆ ಐದರಿಂದ ಎಂಟರವರೆಗಿನ ಎಣಿಕೆಯನ್ನು ಬೋಗಿವಾರು ಬರೆದುಕೊಟ್ಟರೆ ನಾಲ್ಕನೆಯ ಚಾರ್ಟ್ ಬೇಗ ಮುಗಿಯುತ್ತದೆ.