ಲೈನ್ ಮನೆಗೆ ಮೊದಲ ಸಲ ಹೋಗುವ ಸಮಾಜ ಕಾರ್ಯಕರ್ತರಿಗೆ

ಎಂಎಸ್‌ಡಬ್ಲ್ಯೂ (ಸಮಾಜ ಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿ ಕೊಡಗಿಗೆ ಕೆಲಸಕ್ಕೆ ಬರುವವರು ಮೊದಲು ಕೇಳುವುದು ಯಾವ ಫಾರ್ಮ್ ತುಂಬಬೇಕು ಅಂತ. ಫಾರ್ಮ್ ಆಮೇಲೆ. ಲೈನ್ ಮನೆಗೆ, ಅಂದರೆ ಕಾಫಿ ತೋಟದೊಳಗೆ ಕಾರ್ಮಿಕರಿಗೆ ಕೊಟ್ಟ ಸಾಲು ಮನೆಗೆ, ಯಾರ ಜೊತೆ, ಯಾವ ಹೊತ್ತಿಗೆ ಹೋಗುತ್ತೀರಿ ಅನ್ನುವುದರಲ್ಲೇ ಅರ್ಧ ಕೆಲಸ ಇದೆ.

ತೋಟದೊಳಗೆ ಹೋಗಲು ಮಾಲೀಕರನ್ನೋ ರೈಟರನ್ನೋ (ತೋಟದ ಮೇಲ್ವಿಚಾರಕರು) ಕೇಳಬೇಕು, ಕೇಳಿ. ಆದರೆ ಮಾತಾಡುವಾಗ ಅವರು ಪಕ್ಕದಲ್ಲಿ ಇರಬಾರದು. ಇರುವ ಮನೆ ತೋಟದ್ದು, ಕೂಲಿ ತೋಟದ್ದು, ತೆಗೆದುಕೊಂಡ ಅಡ್ವಾನ್ಸೂ ಅಲ್ಲಿಯದೇ, ಹಾಗಿರುವಾಗ ರೈಟರ ಎದುರು "ಏನೂ ತೊಂದರೆ ಇಲ್ಲ" ಅಂತ ಬಿಟ್ಟು ಬೇರೇನು ಹೇಳಿಯಾರು? ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಹಗಲು ಯಾರೂ ಸಿಗುವುದಿಲ್ಲ. ಕೆಲಸ ಬಿಟ್ಟು ಬರುವ ಹೊತ್ತಿಗೆ ಹೋಗಿ, ಆನೆ ಓಡಾಡುವ ಕಡೆಯಾದರೆ ಕತ್ತಲಾಗುವ ಮುಂಚೆ ಹೊರಡಿ.

ಮಾತು ಶುರು ಮಾಡುವಾಗಲೇ ಒಂದು ವಿಷಯ ಹೇಳಿಬಿಡಿ: ನೀವು ಹೇಳಿದ್ದು ನನ್ನಲ್ಲೇ ಇರುತ್ತದೆ, ಆದರೆ ಯಾರದ್ದಾದರೂ ಜೀವಕ್ಕೆ ಅಪಾಯ ಇದ್ದರೆ, ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಆಗಿದ್ದರೆ, ನಾನು ತಿಳಿಸಲೇಬೇಕು. 2012ರ ಪೋಕ್ಸೋ ಕಾಯ್ದೆ ಪ್ರಕಾರ ಗೊತ್ತಿದ್ದೂ ತಿಳಿಸದಿರುವುದು ಅಪರಾಧ. ಎಲ್ಲಾ ಕೇಳಿಸಿಕೊಂಡ ಮೇಲೆ ಇದನ್ನು ಹೇಳಿದರೆ ಮೋಸ ಮಾಡಿದ ಹಾಗೆ, ಅಲ್ವಾ?

ಇನ್ನು ಸಮಸ್ಯೆ ಯಾವುದು ಅನ್ನುವುದು. ಯರವ ಬುಡಕಟ್ಟಿನ ಒಬ್ಬ ತಾಯಿ ರೇಷನ್ ಕಾರ್ಡ್ ಬೇಕು ಅಂತ ಬಂದರು. ಗಂಡ ಕುಡಿಯುವುದು ನನಗೆ ಕಾಣುತ್ತಿತ್ತು, ಅದೇ ದೊಡ್ಡ ಸಮಸ್ಯೆ ಅಂತ ಬರೆದುಕೊಂಡೆ. ಮೂರನೇ ಭೇಟಿಯಲ್ಲಿ ಅಂಗಳದಲ್ಲಿ ಕೂತು ಇದ್ದಿಲಿನಿಂದ ಇಕೋಮ್ಯಾಪ್, ಅಂದರೆ ಮನೆಗೂ ಹೊರಗಿನವರಿಗೂ ಇರುವ ಸಂಬಂಧಗಳ ನಕ್ಷೆ, ಬರೆದೆವು. ನಡುವೆ ಅವರ ಮನೆ, ಸುತ್ತ ತೋಟ, ಶಾಲೆ, ಅಂಗನವಾಡಿ, ಅಂಗಡಿ ಸಾಲ, ತವರು. ಗಟ್ಟಿ ಸಂಬಂಧಕ್ಕೆ ದಪ್ಪ ಗೆರೆ, ಸಡಿಲವಾಗಿದ್ದಕ್ಕೆ ತುಂಡು ಗೆರೆ. 1975ರಲ್ಲಿ ಆನ್ ಹಾರ್ಟ್‌ಮನ್ ರೂಪಿಸಿದ ವಿಧಾನ ಇದು, ಓದು ಬರಹ ಬಾರದವರಿಗೂ ಸುಲಭವಾಗಿ ಅರ್ಥ ಆಗುತ್ತದೆ. ಶಾಲೆಯ ಗೆರೆ ಬಂದಾಗ ಆ ತಾಯಿ ಸುಮ್ಮನಾದರು. ಮಗಳು ಶಾಲೆ ಬಿಟ್ಟು ಚಿಕ್ಕ ಮಗುವನ್ನು ನೋಡಿಕೊಳ್ಳುತ್ತಿದ್ದಳು. ಅವರಿಗೆ ರಾತ್ರಿ ನಿದ್ದೆ ಬಾರದಿದ್ದುದು ಅದಕ್ಕೆ. ಕೆಲಸ ಅಲ್ಲಿಂದ ಶುರು ಆಯಿತು, ನನ್ನ ಪಟ್ಟಿಯಿಂದ ಅಲ್ಲ.

ನಾನು ಮಾಡಿದ ಒಂದು ತಪ್ಪನ್ನು ನೀವು ಮಾಡಬೇಡಿ. ಮೊದಲ ವರ್ಷ ಒಬ್ಬರ ಜಾತಿ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ನಾನೇ ಓಡಾಡಿದೆ, ಬೇಗ ಆಗಲಿ ಅಂತ. ಪತ್ರ ಬಂತು. ಆರು ತಿಂಗಳ ನಂತರ ಮಗನ ಸ್ಕಾಲರ್‌ಶಿಪ್‌ಗೆ ಆದಾಯ ಪತ್ರ ಬೇಕಾದಾಗ ಅವರು ನಾನು ಬರಲಿ ಅಂತ ಕಾದರು, ನಾನು ಬೇರೆ ಹಾಡಿಯಲ್ಲಿದ್ದೆ (ಬುಡಕಟ್ಟು ಜನರ ಊರು), ಕೊನೆಯ ದಿನಾಂಕ ಕಳೆದುಹೋಯಿತು. ಈಗ ಮೊದಲ ಸಲ ಜೊತೆಗೆ ಹೋಗಿ ನಾನು ಮಾತಾಡುತ್ತೇನೆ. ಎರಡನೇ ಸಲ ಅವರು ಮಾತಾಡುತ್ತಾರೆ, ನಾನು ಹಿಂದೆ ನಿಂತಿರುತ್ತೇನೆ. ಮೂರನೇ ಸಲ ಅವರೊಬ್ಬರೇ. ನಿಧಾನ ಆಗುತ್ತದೆ, ಆಗಲಿ.

ಮನೆಯಲ್ಲಿ ಹೊಡೆತ ಇದ್ದರೆ "ಬಿಟ್ಟು ಬನ್ನಿ ಅಕ್ಕ" ಅಂತ ಅವಸರ ಮಾಡಬೇಡಿ. ಲೈನ್ ಮನೆ ಬಿಟ್ಟರೆ ಸೂರು, ಕೂಲಿ ಎರಡೂ ಒಂದೇ ದಿನ ಹೋಗುತ್ತವೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಪ್ರಕಾರ ರಕ್ಷಣಾಧಿಕಾರಿಯ ಕೆಲಸ ನಮ್ಮಲ್ಲಿ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರದ್ದು, ಗಂಡನ ಮನೆಯಲ್ಲೇ ಇದ್ದು ರಕ್ಷಣೆ ಕೇಳುವ ಹಕ್ಕೂ ಇದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ದಾರಿಗಳನ್ನೆಲ್ಲ ಮುಂದಿಡಿ, ತೀರ್ಮಾನ ಅವರದ್ದು.

ಕೇಸ್ ಮುಗಿಸುವ, ಅಂದರೆ ನಿಮ್ಮ ಭೇಟಿಗಳು ನಿಲ್ಲುವ, ಮಾತನ್ನು ಮೊದಲ ತಿಂಗಳಲ್ಲೇ ಆಡಿ, ನೀವಿಲ್ಲದೆಯೂ ಅವರು ಸಹಾಯ ಕೇಳುವಂತಾಗಬೇಕು. ಜೂನ್ ಬಂದರೆ ಮಳೆ, ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ, ಎಷ್ಟೋ ದಿನ ನೀವು ಹೋಗಲಾಗದೆ ಇರಬಹುದು. ಅದಕ್ಕೆ ಮುಂಚೆ ಬಾಗಿಲ ಪಕ್ಕದ ಗೋಡೆಗೆ ಸಹಾಯವಾಣಿ ಸಂಖ್ಯೆಗಳಾದ 181 (ಮಹಿಳೆಯರಿಗೆ), 1098 (ಮಕ್ಕಳಿಗೆ), 112 (ಪೊಲೀಸ್, ತುರ್ತು), 15100 (ಕಾನೂನು ನೆರವು) ದೊಡ್ಡದಾಗಿ ಬರೆದುಕೊಡಿ, ಓದಲು ಬಾರದಿದ್ದರೆ ಪಕ್ಕದಲ್ಲಿ ಹೆಂಗಸು, ಮಗು, ಪೊಲೀಸ್, ವಕೀಲರ ಚಿತ್ರ ಇರಲಿ. ಆ ಅಂಕಿಗಳನ್ನು ಮೊಬೈಲಿನಲ್ಲಿ ಒತ್ತುವುದನ್ನು ಅವರ ಕೈಯಿಂದಲೇ ಒಮ್ಮೆ ಮಾಡಿಸಿ ನೋಡಿ.