ಮಂಜುಗಡ್ಡೆಯಲ್ಲಿ ಬರುವ ರಕ್ತ: ಅಮೋನಿಯಾ ಪರೀಕ್ಷೆಯ ನನ್ನ ಅನುಭವ

ಆಸ್ಪತ್ರೆಯೊಂದರ ಜೀವರಸಾಯನ ಪ್ರಯೋಗಾಲಯದಲ್ಲಿ ನಾನು ಮಾಡುವ ಬಹುತೇಕ ರಕ್ತಪರೀಕ್ಷೆಗಳು ಸ್ವಲ್ಪ ತಡವನ್ನು ತಾಳಿಕೊಳ್ಳುತ್ತವೆ. ಅಮೋನಿಯಾ ಪರೀಕ್ಷೆ ತಾಳಿಕೊಳ್ಳುವುದಿಲ್ಲ. ರಕ್ತ ಟ್ಯೂಬಿಗೆ ಬಿದ್ದ ಕ್ಷಣದಿಂದಲೇ ಕೆಂಪುಕಣಗಳಿಂದಲೂ ಗ್ಲುಟಮಿನ್ ಎಂಬ ಅಮೈನೊ ಆಮ್ಲ ಒಡೆಯುವುದರಿಂದಲೂ ಹೊಸ ಅಮೋನಿಯಾ ಸೇರುತ್ತ ಹೋಗುತ್ತದೆ, ಅದನ್ನು ಯೂರಿಯಾ ಆಗಿಸಲು ಅಲ್ಲಿ ಯಕೃತ್ತು ಇರುವುದಿಲ್ಲ.

ಪ್ರೋಟೀನಿನ ಘಟಕಗಳಾದ ಅಮೈನೊ ಆಮ್ಲಗಳಲ್ಲಿ ಬಳಸಿ ಉಳಿದದ್ದನ್ನು ಕೂಡಿಡುವ ವ್ಯವಸ್ಥೆ ನಮ್ಮ ದೇಹದಲ್ಲಿಲ್ಲ; ಅವುಗಳ ಸಾರಜನಕವನ್ನು ಯಕೃತ್ತು ಯೂರಿಯಾ ಆಗಿಸಿ ಹೊರಗೆ ಕಳಿಸಬೇಕು. ಲಿವರ್ ರಿಪೋರ್ಟಿನಲ್ಲಿ ಎಲ್ಲರೂ ಕಾಣುವ ಎಸ್‌ಜಿಪಿಟಿ ಎಂಬ ಕಿಣ್ವ, ಸ್ನಾಯುಗಳಿಂದ ಬಂದ ಅಲನಿನ್ ಎಂಬ ಅಮೈನೊ ಆಮ್ಲದ ಸಾರಜನಕವಿರುವ ಅಮೈನೊ ಗುಂಪನ್ನು ಕಳಚಿ ಗ್ಲುಟಮೇಟ್ ಆಗಿಸುತ್ತದೆ. ಗ್ಲುಟಮೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವ ಅದರಿಂದ ಅಮೋನಿಯಾವನ್ನು ಬಿಡಿಸುತ್ತದೆ. ಎಸ್‌ಜಿಓಟಿ ಎಂಬ ಇನ್ನೊಂದು ಕಿಣ್ವ ಆ ಸಾರಜನಕದ ಮತ್ತೊಂದು ಪಾಲನ್ನು ಆಸ್ಪಾರ್ಟೇಟ್‌ಗೆ ದಾಟಿಸುತ್ತದೆ. ಯೂರಿಯಾದ ಎರಡು ಸಾರಜನಕ ಪರಮಾಣುಗಳಲ್ಲಿ ಒಂದು ಆ ಅಮೋನಿಯಾದ್ದು, ಇನ್ನೊಂದು ಆ ಆಸ್ಪಾರ್ಟೇಟ್‌ನದು. 1932ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಹಾನ್ಸ್ ಕ್ರೆಬ್ಸ್ ಮತ್ತು ಕುರ್ಟ್ ಹೆನ್ಸೆಲೈಟ್ ಯಕೃತ್ತಿನ ತೆಳು ಹೋಳುಗಳಿಗೆ ಆರ್ನಿಥಿನ್ ಎಂಬ ಅಮೈನೊ ಆಮ್ಲವನ್ನು ಚೂರು ಹಾಕಿದಾಗ, ಅದರ ಪ್ರಮಾಣವನ್ನು ಮೀರಿ ಯೂರಿಯಾ ತಯಾರಾದದ್ದು ಕಂಡು, ಆರ್ನಿಥಿನ್ ಖರ್ಚಾಗದೆ ಮತ್ತೆ ಮತ್ತೆ ಮರಳುತ್ತದೆಂಬ ಚಕ್ರವನ್ನು ಗುರುತಿಸಿದರು.

ಈ ಚಕ್ರದ ಕಿಣ್ವವೊಂದು ಹುಟ್ಟಿನಿಂದಲೇ ಇಲ್ಲದ ಶಿಶು ಮೊದಲ ದಿನ ಚೆನ್ನಾಗಿಯೇ ಇದ್ದು, ಹಾಲು ಶುರುವಾಗಿ ಅಮೋನಿಯಾ ಏರಿದ ಮೇಲೆ ಕುಡಿಯುವುದನ್ನು ಬಿಟ್ಟು, ಮಂಕಾಗಿ, ಉಸಿರು ವೇಗವಾಗಿ, ನೋಡುವವರಿಗೆ ಸೋಂಕಿನಂತೆಯೇ ಕಾಣುತ್ತದೆ. ಸೋದರಮಾವನೊಡನೆಯೋ ಅತ್ತೆಯ ಮಗನೊಡನೆಯೋ ಮದುವೆ ಇನ್ನೂ ರೂಢಿಯಲ್ಲಿರುವ ನಮ್ಮ ಕಡೆ, ತಂದೆತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬಂದರೆ ಮಾತ್ರ ಕಾಣಿಸಿಕೊಳ್ಳುವ ಇಂಥ ಹಲವು ರೋಗಗಳ ಸಂಭವ ಹೆಚ್ಚು. ಆದ್ದರಿಂದ ಪರೀಕ್ಷೆಯ ಚೀಟಿ ಬಂದಾಗ ಸಂಬಂಧದೊಳಗಿನ ಮದುವೆಯೇ, ಹಿಂದೆ ಮಗು ತೀರಿಕೊಂಡಿತ್ತೇ ಎಂದು ನಾನು ವಾರ್ಡಿಗೆ ಕೇಳಿಯೇ ಕೇಳುತ್ತೇನೆ.

ರಕ್ತ ತೆಗೆಯುವಾಗ ಪಟ್ಟಿ ಬಿಗಿದು ಬಹಳ ಹೊತ್ತು ಹಿಡಿಯಬಾರದು, ಹಿಮ್ಮಡಿ ಚುಚ್ಚಿ ಹಿಂಡಿ ತೆಗೆಯಲೂಬಾರದು. ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಹಾಕಿ ಮೊದಲೇ ತಣ್ಣಗಾಗಿಸಿದ ಟ್ಯೂಬನ್ನು ತುಂಬಿ, ಮುಚ್ಚಳ ಹಾಕಿ, ನೀರು ಬೆರೆತ ಮಂಜುಗಡ್ಡೆಯಲ್ಲಿ ಮುಳುಗಿಸಿ ಓಡಿ ತರಬೇಕು. ತಂಪು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ 15 ನಿಮಿಷದೊಳಗೆ ಕಣಗಳಿಲ್ಲದ ದ್ರವಭಾಗವಾದ ಪ್ಲಾಸ್ಮಾ ಬೇರ್ಪಡಿಸುತ್ತೇನೆ. ಬಿಳಿ ಕಾಗದದ ಮುಂದೆ ಹಿಡಿದಾಗ ಅದು ತುಸು ಗುಲಾಬಿಯಾಗಿದ್ದರೂ ಕಣಗಳು ಒಡೆದಿವೆ ಎಂದರ್ಥ. ಹೊಸ ಸ್ಯಾಂಪಲ್ ಕೇಳುತ್ತೇನೆ, ವಾರ್ಡಿನವರಿಗೆ ಬೇಸರವಾದರೂ ಸರಿ. ಯಕೃತ್ತಿನಲ್ಲಿ ಅಮೋನಿಯಾ ಬಿಡಿಸುವ ಅದೇ ಗ್ಲುಟಮೇಟ್ ಡಿಹೈಡ್ರೋಜಿನೇಸ್ ನನ್ನ ಯಂತ್ರದಲ್ಲಿ ತಿರುಗುಮುರುಗಾಗಿ ಕೆಲಸ ಮಾಡಿ ಅಮೋನಿಯಾವನ್ನು ಹಿಡಿದುಕೊಳ್ಳುತ್ತದೆ, 340 ನ್ಯಾನೋಮೀಟರ್ ಬೆಳಕಿನ ಹೀರಿಕೆ ಎಷ್ಟು ಇಳಿಯಿತೆಂಬುದೇ ಅಳತೆ. ಈ ಕಿಣ್ವದ ಬಗ್ಗೆ ನನಗೆ ಮೊದಲಿನಿಂದಲೂ ವಿಶೇಷ ಪ್ರೀತಿ.

ನವಜಾತ ಶಿಶುವಿನಲ್ಲಿ ಲೀಟರಿಗೆ ಸುಮಾರು 100 ಮೈಕ್ರೋಮೋಲ್ ತನಕ ನಾವು ಒಪ್ಪುತ್ತೇವೆ. 200 ದಾಟಿದರೆ ರಿಪೋರ್ಟು ಮುದ್ರಣವಾಗುವ ತನಕ ಕಾಯದೆ ವೈದ್ಯರಿಗೆ ನಾನೇ ಫೋನ್ ಮಾಡುತ್ತೇನೆ. ಅವರು ಪ್ರೋಟೀನನ್ನು ಸ್ವಲ್ಪ ಕಾಲ ನಿಲ್ಲಿಸಿ, ದೇಹ ತನ್ನ ಸ್ನಾಯುಗಳನ್ನೇ ಕರಗಿಸಿಕೊಳ್ಳದಂತೆ ಗ್ಲೂಕೋಸ್ ಕೊಟ್ಟು, ಸೋಡಿಯಂ ಬೆಂಜೊಯೇಟ್ ಆರಂಭಿಸುತ್ತಾರೆ; ಅದು ಗ್ಲೈಸಿನ್ ಜೊತೆ ಕೂಡಿ ಹಿಪ್ಯುರಿಕ್ ಆಮ್ಲವಾಗಿ, ಯೂರಿಯಾದ ದಾರಿ ಬಿಟ್ಟು, ಮೂತ್ರದಲ್ಲಿ ಸಾರಜನಕವನ್ನು ಹೊರಗೊಯ್ಯುತ್ತದೆ. ಅಮೋನಿಯಾ ಏರುತ್ತಲೇ ಇದ್ದರೆ ಡಯಾಲಿಸಿಸ್ ಬೇಕಾಗುತ್ತದೆ, ಅದನ್ನು ತೀರ್ಮಾನಿಸಲು ಕೆಲವು ಗಂಟೆಗಳಿಗೊಮ್ಮೆ ಹೊಸ ಟ್ಯೂಬು ಮಂಜುಗಡ್ಡೆಯಲ್ಲೇ ನನ್ನ ಬಳಿಗೆ ಬರುತ್ತಿರುತ್ತದೆ.